ಬಿಸಿಲನಾಡಿನಲ್ಲಿ ಪರಿಸರ ವಿಜ್ಞಾನ ಓದಿ ನೌಕರಿ ಹಿಡಿಯುವುದು ಹೇಗೆ?

ಪಿಯುಸಿ ರಿಸಲ್ಟ್ ಬಂದ ವಾರ ಊರಿನಿಂದ ನನಗೆ ಫೋನು ಬರುವುದು ಗ್ಯಾರಂಟಿ. ಈ ಸಲ ಸೇಡಂ ಕಡೆಯ ಕಾಕಾ ಒಬ್ಬರು ಮಾಡಿದ್ದರು. "ತಮ್ಮಾ, ನಮ್ಮ ಹುಡುಗಿ ಎನ್ವಿರಾನ್‌ಮೆಂಟ್ ಓದ್ತೀನಿ ಅಂತ ಹಟ ಹಿಡದಾಳ. ಅದರಾಗ ನೌಕ್ರಿ ಅದನೋ ಇಲ್ಲೋ, ಒಂದ್ ಮಾತು ಹೇಳು."

"ಅದ ಕಾಕಾ. ಆದ್ರ ಆ ಹೆಸರಿನಾಗ ಇಲ್ಲ" ಅಂದೆ. ಕಾಕಾಗೆ ಅರ್ಥ ಆಗಲಿಲ್ಲ. ಅವರಿಗೆ ಅರ್ಧ ಗಂಟೆ ಫೋನಿನಲ್ಲಿ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

"ಪರಿಸರ ವಿಜ್ಞಾನಿ ಬೇಕಾಗಿದ್ದಾರೆ" ಎಂಬ ಜಾಹೀರಾತನ್ನು ನಾನು ಕಲಬುರಗಿಯಲ್ಲಿ ಇವತ್ತಿನವರೆಗೂ ನೋಡಿಲ್ಲ. ಕೆಮಿಸ್ಟ್, ಇಟಿಪಿ (ಕೊಳೆ ನೀರು ಶುದ್ಧ ಮಾಡುವ ಘಟಕ) ಇನ್‌ಚಾರ್ಜ್, ಇಎಚ್‌ಎಸ್ (ಪರಿಸರ, ಆರೋಗ್ಯ, ಸುರಕ್ಷತೆ) ಆಫೀಸರ್, ಸ್ಯಾಂಪ್ಲಿಂಗ್ ಅಸಿಸ್ಟೆಂಟ್, ಜಿಐಎಸ್ (ಕಂಪ್ಯೂಟರ್ ನಕ್ಷೆ) ಆಪರೇಟರ್, ಜಲಾನಯನ ಸಂಯೋಜಕರು ಬೇಕು ಎಂಬ ಜಾಹೀರಾತು ಮಾತ್ರ ಬರುತ್ತಲೇ ಇರುತ್ತವೆ. ನಮ್ಮ ಓದಿನ ನೌಕರಿಗಳು ಇವೇ. ಹೆಸರು ಬೇರೆ ಬೇರೆ, ಆದರೆ ಎಲ್ಲರಿಗೂ ಬೇಕಾದ ಕೆಲಸ ಒಂದೇ: ನೀರು, ಗಾಳಿ, ಮಣ್ಣು, ಕಸವನ್ನು ಸರಿಯಾಗಿ ಅಳೆಯಬೇಕು, ಅಳೆದದ್ದನ್ನು ಸರಿಯಾಗಿ ಬರೆಯಬೇಕು. ಪರಿಸರದ ಮೇಲೆ ಪ್ರೀತಿ ಇದೆ ಎನ್ನುವವರು ಬಹಳ ಜನ ಸಿಗುತ್ತಾರೆ. ಗಾಳಿಯಲ್ಲಿ ಧೂಳು ಎಷ್ಟಿದೆ ಅಂತ ಅಳೆದು, ಆ ಅಂಕಿಗೆ ಸಹಿ ಹಾಕುವ ಧೈರ್ಯ ಇರುವವರು ಕಡಿಮೆ. ಸಂಬಳ ಸಿಗುವುದು ಎರಡನೆಯವರಿಗೆ.

ಮೊದಲ ಹೆಜ್ಜೆ: ಜಿಲ್ಲೆ ಸುತ್ತಿ ಬನ್ನಿ

ಕಾಲೇಜು ಆರಿಸುವ ಮೊದಲೇ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ನಿಮ್ಮ ಜಿಲ್ಲೆಯಲ್ಲಿ ಯಾರ್ಯಾರಿಗೆ ಈ ಅಳತೆ ಬೇಕಾಗುತ್ತದೆ ಅಂತ ಬರೆಯುತ್ತಾ ಹೋಗಿ. ನಮ್ಮ ಭಾಗ ಹಿಂದುಳಿದಿದೆ, ಇಲ್ಲೇನೂ ಇಲ್ಲ ಅನ್ನುವುದು ನಮಗೆ ರೂಢಿ ಆಗಿಬಿಟ್ಟಿದೆ. ಈ ವಿಷಯದಲ್ಲಿ ಆ ಮಾತು ಸುಳ್ಳು.

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಮಳಖೇಡದ ಸುತ್ತ ಸಿಮೆಂಟ್ ಕಾರ್ಖಾನೆಗಳಿವೆ. ನೆಲದಡಿ ಸುಣ್ಣದ ಕಲ್ಲಿನ ಹಾಸು ಇದೆ, ಅದಕ್ಕೇ ಅವು ಇಲ್ಲಿಗೆ ಬಂದವು. ಮನೆ ಮನೆಗೆ ಹಾಸುವ ಶಹಾಬಾದ್ ಕಲ್ಲು ಬರುವುದೂ ಅದೇ ನೆಲದಿಂದ. ಒಂದೊಂದು ಸಿಮೆಂಟ್ ಕಾರ್ಖಾನೆಗೂ ಸುಣ್ಣದ ಕಲ್ಲಿನ ಗಣಿ ಇರುತ್ತದೆ, ಧೂಳು ಹಿಡಿಯುವ ಬ್ಯಾಗ್ ಫಿಲ್ಟರ್ ಇರುತ್ತದೆ, ಚಿಮಣಿಗೆ ಕೂಡಿಸಿದ ಆನ್‌ಲೈನ್ ಮೀಟರ್ ಇರುತ್ತದೆ, ಗಿಡ ನೆಡುವ ಷರತ್ತು ಇರುತ್ತದೆ. ಇವನ್ನೆಲ್ಲ ನೋಡಿಕೊಳ್ಳಲು ಒಂದು ಪರಿಸರ ವಿಭಾಗ ಬೇಕೇ ಬೇಕು.

ಬೀದರ್‌ಗೆ ಹೋದರೆ ಸಕ್ಕರೆ ಕಾರ್ಖಾನೆಗಳು, ಕೋಳಾರ ಕೈಗಾರಿಕಾ ಪ್ರದೇಶದ ಔಷಧಿ ಮತ್ತು ರಾಸಾಯನಿಕ ಘಟಕಗಳು, ಕಾರಂಜಾ ಜಲಾಶಯ, ಮಾಂಜ್ರಾ ನದಿ. ಯಾದಗಿರಿಯಲ್ಲಿ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶ ಇದೆ. ಕೃಷ್ಣಾ, ಭೀಮಾ ಎರಡೂ ಆ ಜಿಲ್ಲೆಯಲ್ಲಿ ಹರಿಯುತ್ತವೆ, ನಾರಾಯಣಪುರ ಡ್ಯಾಮಿನ ಕಾಲುವೆಗಳಿವೆ, ಸುರಪುರದ ಹತ್ತಿರ ಬೋನಾಳ ಕೆರೆಗೆ ಹಕ್ಕಿಗಳು ಬರುತ್ತವೆ. ಚಿಂಚೋಳಿಯಲ್ಲಿ 2011ರಲ್ಲಿ ಘೋಷಿಸಿದ ವನ್ಯಜೀವಿ ಧಾಮ ಇದೆ, ಸುಮಾರು 135 ಚದರ ಕಿಲೋಮೀಟರ್. ಬಿಸಿಲನಾಡಿನಲ್ಲಿ ಅಂಥ ಕಾಡು ಇದೆ ಅಂದರೆ ಬೆಂಗಳೂರಿನವರು ನಂಬುವುದಿಲ್ಲ, ಬಿಡಿ.

ಇನ್ನೊಂದು ವಿಷಯ. ಕೇಂದ್ರ ಸರ್ಕಾರ 2019ರಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿತು. ಗಾಳಿ ಸುಧಾರಿಸಲೇಬೇಕಾದ ಊರುಗಳ ಆ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಹೆಸರು ಸೇರಿದವು: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ನಮ್ಮ ಕಲಬುರಗಿ. ಹೆಮ್ಮೆ ಪಡುವ ವಿಷಯ ಅಲ್ಲ. ಆದರೆ ಗಾಳಿ ಅಳೆಯುವವರಿಗೆ ಊರಲ್ಲೇ ಕೆಲಸ ಇದೆ ಅಂತ ಅರ್ಥ.

ಎರಡನೇ ಹೆಜ್ಜೆ: ವಿಷಯ ಆರಿಸುವಾಗ ಮೋಸ ಹೋಗಬೇಡಿ

ಡಿಗ್ರಿಯಲ್ಲಿ ಎಲ್ಲರಿಗೂ ಒಂದು ಕಡ್ಡಾಯ ಪರಿಸರ ಅಧ್ಯಯನದ ಪೇಪರ್ ಇರುತ್ತದೆ. ಸುಪ್ರೀಂ ಕೋರ್ಟ್ ಆದೇಶದಿಂದ ಬಂದದ್ದು ಅದು. ಅದನ್ನು ಪಾಸಾದರೆ ಪರಿಸರ ವಿಜ್ಞಾನ ಓದಿದಂತೆ ಆಗುವುದಿಲ್ಲ.

ಬಿಎಸ್ಸಿ ಮಾಡುವವರಿಗೆ ನನ್ನ ಸಲಹೆ ಸರಳ: ಕೆಮಿಸ್ಟ್ರಿ ಬಿಡಬೇಡಿ. ಜೊತೆಗೆ ಬಾಟನಿ, ಜುವಾಲಜಿ, ಜಿಯಾಲಜಿ ಯಾವುದಾದರೂ ಇರಲಿ. ಪರಿಸರ ವಿಜ್ಞಾನವನ್ನು ಎಂಎಸ್ಸಿಯಲ್ಲಿ ತೆಗೆದುಕೊಂಡರೆ ಸಾಕು. ಇದಕ್ಕೆ ಎರಡು ಕಾರಣ. ಇಲ್ಲಿನ ಕಾರ್ಖಾನೆ, ಲ್ಯಾಬ್‌ಗಳು ಮೊದಲು ಕೇಳುವುದು ಕೆಮಿಸ್ಟ್ರಿಯನ್ನು. ಎರಡನೆಯ ಕಾರಣ ಅನೇಕರಿಗೆ ತಡವಾಗಿ ತಿಳಿಯುತ್ತದೆ. ಯುಪಿಎಸ್‌ಸಿ ನಡೆಸುವ ಭಾರತೀಯ ಅರಣ್ಯ ಸೇವೆ ಪರೀಕ್ಷೆ ಬರೆಯಬೇಕಾದರೆ ಡಿಗ್ರಿಯಲ್ಲಿ ಇಂತಿಂಥ ವಿಷಯಗಳಲ್ಲಿ ಒಂದಾದರೂ ಇರಬೇಕು ಅಂತ ಪಟ್ಟಿ ಇದೆ: ಪಶುವೈದ್ಯ, ಬಾಟನಿ, ಕೆಮಿಸ್ಟ್ರಿ, ಜಿಯಾಲಜಿ, ಗಣಿತ, ಫಿಸಿಕ್ಸ್, ಸ್ಟ್ಯಾಟಿಸ್ಟಿಕ್ಸ್, ಜುವಾಲಜಿ. ಇಲ್ಲವಾದರೆ ಕೃಷಿ, ಅರಣ್ಯ ಅಥವಾ ಎಂಜಿನಿಯರಿಂಗ್ ಪದವಿ ಆಗಿರಬೇಕು. ಆ ಪಟ್ಟಿಯಲ್ಲಿ ಪರಿಸರ ವಿಜ್ಞಾನ ಇಲ್ಲ. ಕಾಡಿನ ನೌಕರಿಯ ಆಸೆಯಿಂದಲೇ ಪರಿಸರ ವಿಜ್ಞಾನ ಆರಿಸಿಕೊಂಡು, ಕೊನೆಗೆ ಅರ್ಜಿ ತುಂಬುವಾಗ ಬಾಯಿ ಬಿಡುವುದು ಬೇಡ. ಜೊತೆಗೆ ಬಾಟನಿಯೋ ಕೆಮಿಸ್ಟ್ರಿಯೋ ಇದ್ದರೆ ಈ ತೊಂದರೆ ಇಲ್ಲ.

ಕಾಡೇ ಬೇಕು ಎನ್ನುವವರಿಗೆ ಬಿಎಸ್ಸಿ ಫಾರೆಸ್ಟ್ರಿ ನೇರ ದಾರಿ. ಅದಕ್ಕೆ ಶಿರಸಿಗೋ ಪೊನ್ನಂಪೇಟೆಗೋ ಹೋಗಬೇಕು. ಮಣ್ಣು, ನೀರು, ಬೆಳೆಯ ಕಡೆ ಮನಸ್ಸಿದ್ದರೆ ಬಿಎಸ್ಸಿ ಕೃಷಿ ಇದೆ. ರಾಯಚೂರು ಕೃಷಿ ವಿವಿ ಅಡಿ ಕಲಬುರಗಿಯಲ್ಲೂ ಯಾದಗಿರಿ ಜಿಲ್ಲೆಯ ಭೀಮರಾಯನಗುಡಿಯಲ್ಲೂ ಕೃಷಿ ಕಾಲೇಜುಗಳಿವೆ.

ಗಣಿತ ಚೆನ್ನಾಗಿ ಬರುವವರು ಎಂಜಿನಿಯರಿಂಗ್ ಯೋಚಿಸಿ. ಮೈಸೂರಿನ ಎಸ್‌ಜೆಸಿಇಯಲ್ಲಿ ಪರಿಸರ ಎಂಜಿನಿಯರಿಂಗಿನಲ್ಲೇ ಬಿಇ ಇದೆ. ಅಷ್ಟು ದೂರ ಬೇಡ ಅಂದರೆ ಸಿವಿಲ್ ಮಾಡಿ, ಆಮೇಲೆ ಕಲಬುರಗಿಯ ಪಿಡಿಎ ಕಾಲೇಜಿನಲ್ಲಿ ಪರಿಸರ ಎಂಜಿನಿಯರಿಂಗ್ ಎಂಟೆಕ್ ನೋಡಬಹುದು. 1958ರಲ್ಲಿ ಶುರುವಾದ ಕಾಲೇಜು ಅದು, ನಮ್ಮ ಭಾಗದ ಅರ್ಧ ಎಂಜಿನಿಯರುಗಳು ಅಲ್ಲಿಂದಲೇ ಬಂದವರು ಅನ್ನಿಸುತ್ತದೆ. ಒಂದು ಮಾತು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ನಗರಸಭೆ, ಪಾಲಿಕೆಗಳ ಪರಿಸರ ಎಂಜಿನಿಯರ್ ಹುದ್ದೆಗೆ ಎಂಎಸ್ಸಿಯವರಿಗಿಂತ ಬಿಇಯವರಿಗೆ ಬಾಗಿಲು ದೊಡ್ಡದು. ಅದು ಸರಿಯೋ ತಪ್ಪೋ, ಇರುವುದು ಹಾಗೆ.

ಎಂಎಸ್ಸಿಗೆ ಗುಲಬರ್ಗಾ ವಿಶ್ವವಿದ್ಯಾಲಯದಲ್ಲೂ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಆ ವರ್ಷ ಯಾವ ಕೋರ್ಸುಗಳಿವೆ ಅಂತ ಮೊದಲು ವಿಚಾರಿಸಿ. ಕಡಗಂಚಿಗೆ ಸಿಯುಇಟಿ ಪ್ರವೇಶ ಪರೀಕ್ಷೆ ಬರೆಯಬೇಕು, ಅದರ ಅರ್ಜಿ ಡಿಗ್ರಿಯ ಕೊನೆಯ ಪರೀಕ್ಷೆಗಿಂತ ಮೊದಲೇ ಬರುತ್ತದೆ. ಹೊರಗೆ ಹೋಗುವವರಿಗೆ ಮೈಸೂರು, ಬೆಂಗಳೂರು, ಕುವೆಂಪು ವಿವಿಗಳಲ್ಲಿ ಪರಿಸರ ವಿಜ್ಞಾನದ ವಿಭಾಗಗಳಿವೆ.

ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಬೇಡಿ, ಲ್ಯಾಬ್ ನೋಡಿ. ನೀರಿನ ಕೊಳೆ ಅಳೆಯುವ ಬಿಒಡಿ ಇನ್‌ಕ್ಯುಬೇಟರ್ ಓಡುತ್ತಿದೆಯಾ, ಗಾಳಿಯ ಸ್ಯಾಂಪ್ಲರ್ ಮೇಲೆ ಧೂಳು ಕೂತಿದೆಯಾ ಅಂತ ಸೀನಿಯರ್ ಒಬ್ಬರನ್ನು ಕೇಳಿ. ಧೂಳು ಹಿಡಿಯುವ ಯಂತ್ರದ ಮೇಲೇ ಧೂಳು ಕೂತಿದ್ದರೆ ಮುಂದಿನದು ನಿಮಗೇ ಗೊತ್ತು.

ಮೂರನೇ ಹೆಜ್ಜೆ: 371ಜೆ ಸರ್ಟಿಫಿಕೇಟ್ ಈಗಲೇ ಮಾಡಿಸಿ

ಇದನ್ನು ಕೊನೆಗೆ ಬಿಡುವವರೇ ಜಾಸ್ತಿ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿಯ ಅಡಿ 2013ರಲ್ಲಿ ಹೊರಟ ಆದೇಶಗಳ ಪ್ರಕಾರ, ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟು ಇಲ್ಲಿನವರಿಗೆ ಮೀಸಲು. ರಾಜ್ಯದ ಉಳಿದ ಕಡೆ ಶೇ 8. ನೌಕರಿಯಲ್ಲಿ ಇಲ್ಲಿನ ಸ್ಥಳೀಯ ವೃಂದದ ಗ್ರೂಪ್ ಬಿ ಹುದ್ದೆಗಳಲ್ಲಿ ಶೇ 75, ಗ್ರೂಪ್ ಸಿಯಲ್ಲಿ ಶೇ 80, ಗ್ರೂಪ್ ಡಿಯಲ್ಲಿ ಶೇ 85. ರಾಜ್ಯ ಮಟ್ಟದ ಕಚೇರಿಗಳಲ್ಲಿ ಶೇ 8.

ಇದಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರ ಕೊಡುವವರು ಉಪವಿಭಾಗದ ಅಸಿಸ್ಟೆಂಟ್ ಕಮಿಷನರ್. ಇಲ್ಲಿ ಹುಟ್ಟಿದವರು, ಅಥವಾ 2013ರ ಜನವರಿ 1ಕ್ಕಿಂತ ಮೊದಲು ಹತ್ತು ವರ್ಷ ಇಲ್ಲೇ ವಾಸವಿದ್ದವರು, ಅಂಥವರ ಮಕ್ಕಳು ಅರ್ಹರು. ಶಾಲೆಯ ದಾಖಲೆಯ ಹೆಸರು, ಆಧಾರ್ ಹೆಸರು, ಅಪ್ಪನ ಹೆಸರಿನ ಸ್ಪೆಲ್ಲಿಂಗ್ ಮೂರೂ ಒಂದೇ ಇದೆಯಾ ನೋಡಿಕೊಳ್ಳಿ. ನನ್ನ ಗೆಳೆಯನೊಬ್ಬನ ಕಾಗದದಲ್ಲಿ ಒಂದು ಕಡೆ 'ಗುಲಬರ್ಗಾ', ಇನ್ನೊಂದು ಕಡೆ 'ಕಲಬುರಗಿ', ಅಪ್ಪನ ಹೆಸರಿನಲ್ಲಿ ಒಂದು ಕಡೆ 'ಪ್ಪ', ಇನ್ನೊಂದು ಕಡೆ 'ಪಾ'. ಅದನ್ನು ಸರಿ ಮಾಡಿಸುವುದರೊಳಗೆ ಅರ್ಜಿಯ ಕೊನೆ ದಿನ ದಾಟಿತು. ಪಿಯುಸಿಯಲ್ಲಿರುವಾಗಲೇ ಮಾಡಿಸಿ ಟ್ರಂಕಿನಲ್ಲಿ ಇಟ್ಟುಬಿಡಿ.

ನಾಲ್ಕನೇ ಹೆಜ್ಜೆ: ನಿಮ್ಮ ಊರಿನ ಬೋರ್ ನೀರು ಅಳೆಯಿರಿ

ಈ ಹೆಜ್ಜೆಗೆ ಜಾಸ್ತಿ ಸಮಯ ಕೊಡಿ. ಡಿಗ್ರಿ ಎರಡನೇ ವರ್ಷದಲ್ಲಿ ಶುರು ಮಾಡಿದರೆ ಎಂಎಸ್ಸಿ ಮುಗಿಯುವುದರೊಳಗೆ ನಿಮ್ಮ ಕೈಯಲ್ಲಿ ಬೇರೆ ಯಾರ ಹತ್ತಿರವೂ ಇಲ್ಲದ ಒಂದು ದಾಖಲೆ ಇರುತ್ತದೆ.

ಊರಿನಲ್ಲಿ ಐದು ಜಾಗ ಆರಿಸಿ. ಜನ ಕುಡಿಯುವ ಬೋರ್, ಹೊಲದ ಬೋರ್, ಹಳೆಯ ಬಾವಿ, ಹಳ್ಳ, ಶುದ್ಧ ನೀರಿನ ಘಟಕದ ನಲ್ಲಿ. ಮಳೆಗಾಲಕ್ಕೆ ಮೊದಲು ಒಂದು ಸಲ, ಮಳೆ ನಿಂತ ಮೇಲೆ ಒಂದು ಸಲ ಸ್ಯಾಂಪಲ್ ತೆಗೆಯಿರಿ. ಪ್ರತಿ ವರ್ಷ ಅದೇ ಜಾಗ, ಹೆಚ್ಚು ಕಡಿಮೆ ಅದೇ ದಿನ. ಕಾಲೇಜಿನ ಲ್ಯಾಬಿನಲ್ಲಿ ಪಿಎಚ್, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣ), ಗಡಸುತನ, ಕ್ಲೋರೈಡ್ ನೀವೇ ಮಾಡಬಹುದು. ಫ್ಲೋರೈಡ್, ನೈಟ್ರೇಟ್‌ಗೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಲ್ಯಾಬಿನಲ್ಲಿ ವಿಚಾರಿಸಿ.

ಬಂದ ಅಂಕಿಯನ್ನು ಹೋಲಿಸಲು ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಇದೆ. ಅದನ್ನು ಬಾಯಿಪಾಠ ಮಾಡಿ, ಯಾವ ಇಂಟರ್‌ವ್ಯೂ ಆದರೂ ಕೇಳುತ್ತಾರೆ. ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ನೈಟ್ರೇಟ್ 45, ಅದಕ್ಕೆ ಯಾವ ರಿಯಾಯಿತಿಯೂ ಇಲ್ಲ. ಟಿಡಿಎಸ್ 500, ಬೇರೆ ದಾರಿ ಇಲ್ಲದಾಗ 2000. ನಮ್ಮ ಕಡೆ ತಿಪ್ಪೆಗುಂಡಿ, ಚರಂಡಿ, ಜಾಸ್ತಿ ಹಾಕಿದ ಯೂರಿಯಾದಿಂದ ನೈಟ್ರೇಟ್ ಕೆಳಗೆ ಇಳಿಯುತ್ತದೆ. ಫ್ಲೋರೈಡ್ ಮಾತ್ರ ಬಂಡೆಯಿಂದಲೇ ಬರುತ್ತದೆ, ಬೋರ್ ಆಳ ಹೋದಷ್ಟೂ ಅದರ ಕಡೆ ಗಮನ ಬೇಕು. ಒಂದೇ ಊರಿನ ಎರಡು ಬೋರುಗಳ ನೀರು ಯಾಕೆ ಬೇರೆ ಅಂತ ನಿಮಗೆ ವಿವರಿಸಲು ಬಂದರೆ ಅರ್ಧ ಎಂಎಸ್ಸಿ ಮುಗಿದ ಹಾಗೆ.

ಸ್ಯಾಂಪಲ್ ತೆಗೆಯುವುದು ಅಂದರೆ ಬಾಟಲಿ ತುಂಬುವುದಷ್ಟೇ ಅಂದುಕೊಳ್ಳಬೇಡಿ. ಬೋರನ್ನು ಐದಾರು ನಿಮಿಷ ಓಡಲು ಬಿಡಿ, ಪೈಪಿನಲ್ಲಿ ನಿಂತ ಹಳೆ ನೀರು ಹೋಗಲಿ. ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆಯಿರಿ. ಬ್ಯಾಕ್ಟೀರಿಯಾ ಪರೀಕ್ಷೆಗಾದರೆ ತೊಳೆಯುವ ಹಾಗಿಲ್ಲ, ಲ್ಯಾಬ್ ಕೊಟ್ಟ ಕ್ರಿಮಿಶುದ್ಧ ಬಾಟಲಿಯನ್ನೇ ಬಳಸಬೇಕು. ಜಾಗ, ದಿನ, ಸಮಯ, ತೆಗೆದವರ ಹೆಸರು ಚೀಟಿಯಲ್ಲಿ ಬರೆದು ಅಲ್ಲೇ ಅಂಟಿಸಿ. ಮನೆಗೆ ಹೋಗಿ ಬರೆಯುತ್ತೇನೆ ಅಂದರೆ ಕೆಟ್ಟಿರಿ.

ನನಗೆ ಇದು ಪೆಟ್ಟು ತಿಂದೇ ಬಂತು. ಮೊದಲ ನೌಕರಿಯಲ್ಲಿ ಮೇ ತಿಂಗಳಲ್ಲಿ ಯಾದಗಿರಿ ಹತ್ತಿರ ಭೀಮಾ ನದಿಯ ನೀರು ತೆಗೆದು, ಐಸ್ ಡಬ್ಬಿಯಲ್ಲಿಟ್ಟು ರೈಲು ಹತ್ತಿದೆ. ಲ್ಯಾಬ್ ಹೈದರಾಬಾದಿನಲ್ಲಿತ್ತು. ವಾಡಿಯಲ್ಲಿ ಗಾಡಿ ಬದಲಿಸಬೇಕು, ಆ ಗಾಡಿ ಬರಲೇ ಇಲ್ಲ. ಪ್ಲಾಟ್‌ಫಾರ್ಮಿನಲ್ಲಿ ಕೂತು ಮಿರ್ಚಿ ಭಜಿ ತಿಂದೆ, ಡಬ್ಬಿ ಬಿಸಿಲಿಗೆ ಬಿದ್ದಿತ್ತು. ಲ್ಯಾಬಿನಲ್ಲಿ ಅಕ್ಕ ಒಬ್ಬರು ಮುಚ್ಚಳ ತೆಗೆದು, ಬಾಟಲಿ ಮುಟ್ಟಿ, ಸುಮ್ನೆ ನನ್ನ ಮುಖ ನೋಡಿದರು. ಬಾಟಲಿ ಬೆಚ್ಚಗಿತ್ತು. ಬಿಸಿಯಾದರೆ ನೀರಿನಲ್ಲಿರುವ ಸೂಕ್ಷ್ಮಜೀವಿಗಳು ದಾರಿಯಲ್ಲೇ ಕೊಳೆ ತಿಂದು ಮುಗಿಸುತ್ತವೆ, ಬಿಒಡಿ, ಅಂದರೆ ಆ ಕೊಳೆ ತಿನ್ನಲು ಅವಕ್ಕೆ ಬೇಕಾಗುವ ಆಮ್ಲಜನಕದ ಲೆಕ್ಕ, ಇರುವುದಕ್ಕಿಂತ ಕಡಿಮೆ ಬರುತ್ತದೆ. ಅಂದರೆ ಕೊಳಕು ನದಿ ಕಾಗದದ ಮೇಲೆ ಶುದ್ಧವಾಗಿಬಿಡುತ್ತದೆ. ಮರುದಿನ ನನ್ನ ಖರ್ಚಿನಲ್ಲೇ ವಾಪಸ್ ಹೋಗಿ ಮತ್ತೆ ತೆಗೆದೆ. ಆಮೇಲಿಂದ ಎರಡು ಪಟ್ಟು ಐಸ್, ಡಬ್ಬಿಯ ಮೇಲೆ ಒದ್ದೆ ಗೋಣಿಚೀಲ.

ಬಿಒಡಿ ಮಾತು ಬಂತಲ್ಲ, ಇದೂ ಇಂಟರ್‌ವ್ಯೂ ಪ್ರಶ್ನೆ. ಪುಸ್ತಕದಲ್ಲಿ 20 ಡಿಗ್ರಿಯಲ್ಲಿ ಐದು ದಿನ ಅಂತ ಇರುತ್ತದೆ. ನಮ್ಮ ದೇಶದ ಮಾನಕದಲ್ಲಿ 27 ಡಿಗ್ರಿಯಲ್ಲಿ ಮೂರು ದಿನ. ನಮ್ಮದು ಸೆಕೆಯ ದೇಶ, ಅದಕ್ಕೆ.

ಐದನೇ ಹೆಜ್ಜೆ: ಕಾನೂನನ್ನು ಕಾಗದದಲ್ಲೇ ಓದಿ

1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ, 2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆ. ಎಂಎಸ್ಸಿಯಲ್ಲಿ ಇವುಗಳ ಇಸವಿ ಕೇಳುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ ಇಸವಿ ಯಾರೂ ಕೇಳುವುದಿಲ್ಲ, "ಕಂಡೀಷನ್ ನಂಬರ್ ಏಳಕ್ಕೆ ಏನು ಉತ್ತರ ಬರೆದಿದ್ದೀರಿ?" ಅಂತ ಕೇಳುತ್ತಾರೆ.

ಅದನ್ನು ಈಗಲೇ ಕಲಿಯಬಹುದು. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಯೋಜನೆಗಳ ಇಐಎ ವರದಿಗಳು, ಅನುಮತಿ ಪತ್ರಗಳು ಸಿಗುತ್ತವೆ, ದುಡ್ಡು ಬೇಡ. ನಿಮ್ಮ ಜಿಲ್ಲೆಯ ಒಂದು ಸಿಮೆಂಟ್ ಅಥವಾ ಸಕ್ಕರೆ ಯೋಜನೆಯ ಪತ್ರ ಇಳಿಸಿಕೊಳ್ಳಿ. ಒಂದೊಂದು ಷರತ್ತನ್ನೂ ನಿಮ್ಮ ಮಾತಿನಲ್ಲಿ ಕನ್ನಡದಲ್ಲಿ ಬರೆಯಿರಿ. ಎಷ್ಟು ಗಿಡ, ಎಲ್ಲಿ ಮಾನಿಟರಿಂಗ್ ಸ್ಟೇಷನ್, ಚಿಮಣಿಯಲ್ಲಿ ಧೂಳು ಎಷ್ಟರ ಒಳಗೆ. ನಾಲ್ಕು ಪತ್ರ ಹೀಗೆ ಓದಿದರೆ ಒಂದು ಕಾರ್ಖಾನೆಯ ಪರಿಸರ ವಿಭಾಗ ವರ್ಷಪೂರ್ತಿ ಏನು ಮಾಡುತ್ತದೆ ಅಂತ ಕಣ್ಣಿಗೆ ಕಟ್ಟುತ್ತದೆ.

ಅವರ ಕ್ಯಾಲೆಂಡರ್ ಹೀಗಿರುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಕಾರ್ಖಾನೆ ಸ್ಥಾಪನೆಗೆ ಒಪ್ಪಿಗೆ ಪತ್ರ ಸಿಎಫ್‌ಇ, ನಡೆಸಲು ಸಿಎಫ್‌ಒ. ಅನುಮತಿ ಪತ್ರದ ಷರತ್ತುಗಳ ಬಗ್ಗೆ ಜೂನ್ 1ಕ್ಕೆ, ಡಿಸೆಂಬರ್ 1ಕ್ಕೆ ಅರ್ಧ ವಾರ್ಷಿಕ ವರದಿ. ಸೆಪ್ಟೆಂಬರ್ 30ರೊಳಗೆ ಫಾರ್ಮ್ 5, ಅಂದರೆ ವರ್ಷದಲ್ಲಿ ಎಷ್ಟು ನೀರು ಬಳಸಿದೆವು, ಎಷ್ಟು ಕೊಳೆ ಬಿಟ್ಟೆವು ಅನ್ನುವ ಲೆಕ್ಕ. ಫ್ರೆಶರ್ ಒಬ್ಬರು ಇಂಟರ್‌ವ್ಯೂನಲ್ಲಿ ಫಾರ್ಮ್ 5 ಅಂತ ಬಾಯಿ ಬಿಟ್ಟರೆ ಎದುರಿಗೆ ಕೂತವರು ತಲೆ ಎತ್ತಿ ನೋಡುತ್ತಾರೆ. ನಾನೇ ಎದುರಿಗೆ ಕೂತಾಗ ಹಾಗೆ ನೋಡಿದ್ದೇನೆ.

ಹತ್ತಿರದಲ್ಲಿ ಪರಿಸರ ಸಾರ್ವಜನಿಕ ಆಲಿಕೆ ಇದ್ದರೆ ತಪ್ಪದೆ ಹೋಗಿ. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಯಾರು ಬೇಕಾದರೂ ಹೋಗಿ ಕೇಳಬಹುದು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಇರಲೇಬೇಕು ಅಂತ ನಿಯಮ ಇದೆ. ಆದರೆ ಆ ಕನ್ನಡ ಎಷ್ಟೋ ಸಲ ಹೇಗಿರುತ್ತದೆ ಅಂದರೆ, ಓದಿದ ರೈತನಿಗೂ ಬರೆದ ಕನ್ಸಲ್ಟೆಂಟ್‌ಗೂ ಇಬ್ಬರಿಗೂ ಅರ್ಥ ಆಗುವುದಿಲ್ಲ. ಇಲ್ಲಿ ನಿಮಗೆ ಅವಕಾಶ ಇದೆ. ತಾಂತ್ರಿಕ ವಿಷಯವನ್ನು ನೆಟ್ಟಗೆ ಕನ್ನಡದಲ್ಲಿ ಬರೆಯಬಲ್ಲ, ತಾಂಡಾದಲ್ಲಿ ಕೂತು ಮಾತಾಡಬಲ್ಲ, ಉರ್ದು, ತೆಲುಗು, ಮರಾಠಿ ಒಂದಿಷ್ಟು ಬಲ್ಲ ಹುಡುಗ ಹುಡುಗಿಯರು ಕನ್ಸಲ್ಟೆನ್ಸಿಗಳಿಗೆ ಬೇಕು. ನಮ್ಮ ಮೂರು ಜಿಲ್ಲೆಯಲ್ಲಿ ಬೆಳೆದವರಿಗೆ ಈ ಭಾಷೆಗಳು ಬಸ್‌ಸ್ಟ್ಯಾಂಡಿನಲ್ಲೇ ಬಂದಿರುತ್ತವೆ. ಬಯೋಡೇಟಾದಲ್ಲಿ ಅದನ್ನು ಬರೆಯಲು ನಾಚಿಕೊಳ್ಳುತ್ತಾರೆ, ಯಾಕೋ.

ಆರನೇ ಹೆಜ್ಜೆ: ಕಂಪ್ಯೂಟರ್

ಎಕ್ಸೆಲ್ ಚೆನ್ನಾಗಿ ಬರಬೇಕು. ನಕ್ಷೆ ಮಾಡುವ ಕ್ಯೂಜಿಐಎಸ್ ಕಲಿಯಿರಿ, ಅದು ಉಚಿತ. ಇಸ್ರೋದ ಭುವನ್, ಗೂಗಲ್ ಅರ್ಥ್ ಪ್ರೊ ಕೂಡ ಉಚಿತ. ಸ್ವಯಂ ಜಾಲತಾಣದಲ್ಲಿ ಪಾಠಗಳಿವೆ. ಕಲಿತದ್ದಕ್ಕೆ ಸಾಕ್ಷಿಯಾಗಿ ನಿಮ್ಮ ಐದು ಬಾವಿಗಳನ್ನೇ ನಕ್ಷೆಯ ಮೇಲೆ ಕೂಡಿಸಿ, ಫ್ಲೋರೈಡ್ ಪ್ರಕಾರ ಬಣ್ಣ ಹಚ್ಚಿ ಒಂದು ಪುಟ ಮಾಡಿ. ಸರ್ಟಿಫಿಕೇಟಿಗಿಂತ ಆ ಒಂದು ಪುಟ ಜಾಸ್ತಿ ಮಾತಾಡುತ್ತದೆ.

ಏಳನೇ ಹೆಜ್ಜೆ: ಮೊದಲ ನೌಕರಿ

ಬೆಂಗಳೂರೊಂದನ್ನೇ ನೋಡಬೇಡಿ. ಮೂರೂ ಜಿಲ್ಲೆಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಅಲ್ಲಿ ಔಷಧಿ ಕಂಪನಿಗಳು, ಲ್ಯಾಬ್‌ಗಳು, ಇಐಎ ಕನ್ಸಲ್ಟೆನ್ಸಿಗಳು ತುಂಬಾ ಇವೆ. ಶನಿವಾರ ರಾತ್ರಿ ಹೊರಟರೆ ಭಾನುವಾರ ಮನೆಯ ರೊಟ್ಟಿ ತಿನ್ನಬಹುದು.

ಮೊದಲು ಲ್ಯಾಬಿಗೆ ಸೇರಿ ಅನ್ನುವುದು ನನ್ನ ಅಭಿಪ್ರಾಯ. ಎನ್‌ಎಬಿಎಲ್ (ಲ್ಯಾಬ್ ಪರಿಶೀಲಿಸುವ ಮಂಡಳಿ) ಮಾನ್ಯತೆ ಇರುವ ಲ್ಯಾಬ್ ಆದರೆ ಒಳ್ಳೆಯದು. ಸಂಬಳ ಕಡಿಮೆ, ಬಿಸಿಲಲ್ಲಿ ಓಡಾಟ ಜಾಸ್ತಿ. ಆದರೆ ಎರಡು ವರ್ಷದಲ್ಲಿ ಕೈ ಕುದುರುತ್ತದೆ. ಗಾಳಿಯ ಸ್ಯಾಂಪ್ಲರ್ ಹೊತ್ತು ಮಾಳಿಗೆ ಹತ್ತುತ್ತೀರಿ, ಫಿಲ್ಟರ್ ಪೇಪರನ್ನು ಮೊದಲು ತೂಗಿ, 24 ಗಂಟೆ ಗಾಳಿ ಎಳೆಸಿ, ಮತ್ತೆ ತೂಗುತ್ತೀರಿ. ಎರಡು ತೂಕದ ವ್ಯತ್ಯಾಸವೇ ಊರಿನ ಧೂಳು. ಪಿಎಂ 10, ಅಂದರೆ 10 ಮೈಕ್ರಾನಿನ ಒಳಗಿನ ಸಣ್ಣ ಧೂಳಿಗೆ, ದಿನದ ಮಿತಿ ಒಂದು ಘನ ಮೀಟರಿಗೆ 100 ಮೈಕ್ರೋಗ್ರಾಂ. ಬೆರಳು ತಾಗಿದರೂ ತೂಕ ತಪ್ಪುತ್ತದೆ. ಇಷ್ಟು ನಾಜೂಕಿನ ಕೆಲಸವನ್ನು 42 ಡಿಗ್ರಿ ಬಿಸಿಲಲ್ಲಿ ಮಾಡಿದವರನ್ನು ಯಾವ ಕಾರ್ಖಾನೆಯೂ ಬೇಡ ಅನ್ನುವುದಿಲ್ಲ.

ಕಾರ್ಖಾನೆಗೆ ನೇರ ಹೋಗುವವರು ಸಾಮಾನ್ಯವಾಗಿ ಇಟಿಪಿಯಲ್ಲಿ, ಅಂದರೆ ಕೊಳೆ ನೀರು ಶುದ್ಧ ಮಾಡುವ ಘಟಕದಲ್ಲಿ ಶುರು ಮಾಡುತ್ತಾರೆ. ವಾಸನೆ ಇರುತ್ತದೆ, ನೈಟ್ ಶಿಫ್ಟ್ ಇರುತ್ತದೆ. "ಎಂಎಸ್ಸಿ ಮಾಡಿ ಗಟಾರ ನೋಡ್ಕೋತ ಕುಂತಾನ" ಅಂತ ಊರಲ್ಲಿ ಅನ್ನುವವರು ಅನ್ನಲಿ. ಗಾಳಿ ಹಾಕುವ ಟ್ಯಾಂಕಿನಲ್ಲಿ ನೊರೆ ಕಪ್ಪಾದರೆ ಏನು, ಬಿಳಿಯಾದರೆ ಏನು ಅಂತ ಆಪರೇಟರ್ ಅಣ್ಣನಿಂದ ಕಲಿಯಿರಿ. ಅವರ ಹತ್ತಿರ ಡಿಗ್ರಿ ಇರುವುದಿಲ್ಲ, ಕಣ್ಣು ಇರುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಸೀಸನ್ ಬಿಟ್ಟು ಉಳಿದ ತಿಂಗಳು ಕೆಲಸ ಹೇಗೆ, ಸಂಬಳ ಹೇಗೆ ಅಂತ ಸೇರುವ ಮೊದಲೇ ಕೇಳಿಕೊಳ್ಳಿ.

ಕನ್ಸಲ್ಟೆನ್ಸಿಯಾದರೆ ನ್ಯಾಬೆಟ್ ಮಾನ್ಯತೆ ಇದೆಯಾ ನೋಡಿ. ಇಐಎ ವರದಿ ಮಾಡಲು ಆ ಮಾನ್ಯತೆ ಬೇಕು. ಅದರಲ್ಲಿ ನೀರು, ಗಾಳಿ, ಜೀವವೈವಿಧ್ಯ, ಕಸ, ಸಮಾಜ ಅಂತ ಒಂದೊಂದು ಕ್ಷೇತ್ರಕ್ಕೂ ಬೇರೆ ಬೇರೆ ಪರಿಣತರು ಇರುತ್ತಾರೆ. ನೀವು ಯಾವ ಕ್ಷೇತ್ರದ ಪರಿಣತರ ಕೈಕೆಳಗೆ ಬೆಳೆಯುತ್ತೀರಿ ಅಂತ ಮೊದಲೇ ತಿಳಿದುಕೊಳ್ಳಿ, ಇಲ್ಲದಿದ್ದರೆ ಮೂರು ವರ್ಷ ಹಳೆಯ ವರದಿಯಲ್ಲಿ ಊರಿನ ಹೆಸರು ಬದಲಿಸುವುದರಲ್ಲೇ ಕಳೆಯುತ್ತದೆ.

ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. "ಅಲ್ಲಿತನಕ ಯಾಕ್ ಹೋಗ್ತಿ, ಹೋದ ತಿಂಗಳ ರೀಡಿಂಗ್ ನೋಡಿ ಅಡ್ಜಸ್ಟ್ ಮಾಡು" ಅನ್ನುವ ಮೇಲಧಿಕಾರಿ ಎಲ್ಲೋ ಒಂದು ಕಡೆ ಸಿಗುತ್ತಾರೆ. ನನಗೂ ಸಿಕ್ಕಿದ್ದರು. ಮೊದಲ ಸಲ ಬರೆದುಕೊಟ್ಟೆ, ಸುಳ್ಳು ಹೇಳುವುದಿಲ್ಲ. ಎರಡನೇ ಸಲ ಆಗಲ್ಲ ಅಂದೆ, ನಾಲ್ಕು ತಿಂಗಳಲ್ಲಿ ಆ ಕೆಲಸ ಬಿಡಬೇಕಾಯಿತು. ವರದಿಯಲ್ಲಿ ಸಹಿ ನಿಮ್ಮದೇ ಇರುತ್ತದೆ, ಕೇಸಾದರೆ ಬರುವುದೂ ನಿಮ್ಮ ಹೆಸರೇ. ಹೋದದ್ದಕ್ಕೆ ಸಾಕ್ಷಿಯಾಗಿ ಜಾಗದ ಫೋಟೋ, ಸಮಯ, ಫೀಲ್ಡ್ ಶೀಟಿನ ನಕಲು ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಕಾರ್ಖಾನೆ ಬೇಡವೇ ಬೇಡ ಎನ್ನುವವರಿಗೆ ಜಲಾನಯನ ಯೋಜನೆಗಳು, ಕೃಷಿ ವಿಜ್ಞಾನ ಕೇಂದ್ರಗಳ ತಾತ್ಕಾಲಿಕ ಹುದ್ದೆಗಳು, ಹಳ್ಳಿಗಳಲ್ಲಿ ಕೆಲಸ ಮಾಡುವ ಸಂಸ್ಥೆಗಳು ಇವೆ. ಎರೆ ಭೂಮಿಯಲ್ಲಿ ಬದು ಹಾಕುವುದಕ್ಕೂ ಮಸಾರಿಯಲ್ಲಿ ಹಾಕುವುದಕ್ಕೂ ವ್ಯತ್ಯಾಸ ಗೊತ್ತಿರುವ ರೈತರ ಮಕ್ಕಳಿಗೆ ಇಲ್ಲಿ ಪೇಟೆಯವರಿಗಿಂತ ಒಂದು ಕೈ ಮೇಲು.

ಎಂಟನೇ ಹೆಜ್ಜೆ: ಪರೀಕ್ಷೆಗಳು

ಕೆಲಸ ಮಾಡುತ್ತಲೇ ಓದಿ, ಸುಮ್ಮನೆ ರೂಮು ಮಾಡಿಕೊಂಡು ಐದು ವರ್ಷ ಕೂರಬೇಡಿ. ಕಾಲೇಜಿನಲ್ಲಿ ಪಾಠ ಮಾಡಬೇಕು, ಪಿಎಚ್‌ಡಿ ಮಾಡಬೇಕು ಅಂದರೆ ಯುಜಿಸಿ ನೆಟ್. ಪರಿಸರ ವಿಜ್ಞಾನದ ಕೋಡ್ 89. ಜೆಆರ್‌ಎಫ್ ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇದೆ, ನಮ್ಮ ಕಡೆಯ ಎಷ್ಟೋ ಮೊದಲ ನೌಕರಿಗಿಂತ ಅದೇ ಮೇಲು. ಪಾಠ ಮಾಡಲು ಇಂಥದ್ದೇ ರಾಜ್ಯದ ಪರೀಕ್ಷೆ ಕೆಸೆಟ್. ಎಂಟೆಕ್ ಪ್ರವೇಶದ ಗೇಟ್ ಪರೀಕ್ಷೆಯಲ್ಲಿ 2021ರಿಂದ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗಿಗೇ ಪ್ರತ್ಯೇಕ ಪೇಪರ್ ಬಂದಿದೆ, ಅದರ ಸಂಕೇತ ಇಎಸ್.

ಮಾಲಿನ್ಯ ನಿಯಂತ್ರಣ ಮಂಡಳಿಯ ಸಹಾಯಕ ಪರಿಸರ ಅಧಿಕಾರಿ, ವೈಜ್ಞಾನಿಕ ಸಹಾಯಕ ಹುದ್ದೆಗಳಿಗೆ ಎಲ್ಲರ ಕಣ್ಣೂ ಇರುತ್ತದೆ. ವರ್ಷಾ ವರ್ಷ ಕರೆಯುವುದಿಲ್ಲ. ಕರೆದಾಗ ಅಧಿಸೂಚನೆಯಲ್ಲಿ ವಿದ್ಯಾರ್ಹತೆಯ ಸಾಲನ್ನು ಎರಡು ಸಲ ಓದಿ, ನಿಮ್ಮ ಡಿಗ್ರಿಯ ಹೆಸರು ಅಕ್ಷರ ಅಕ್ಷರ ಅಲ್ಲಿ ಇದೆಯಾ ನೋಡಿ. "ಹೆಚ್ಚು ಕಡಿಮೆ ಅದೇ" ಅನ್ನುವುದು ಅಲ್ಲಿ ನಡೆಯುವುದಿಲ್ಲ.

ಕಾಕಾನ ಮಗಳ ವಿಷಯಕ್ಕೆ ಬರೋಣ. ಕೆಮಿಸ್ಟ್ರಿ, ಬಾಟನಿ, ಜುವಾಲಜಿಗೆ ಸೇರಿದ್ದಾಳೆ. ಡಿಗ್ರಿ ಎರಡನೇ ವರ್ಷದವರೆಗೆ ಕಾಯುವ ತಾಳ್ಮೆ ಅವಳಿಗಿಲ್ಲ. ಹೋದ ವಾರ ಮನೆ ಹಿಂದಿನ ಬೋರ್ ನೀರಿನ ಬಾಟಲಿಯ ಫೋಟೋ ಕಳಿಸಿದ್ದಳು. ಚೀಟಿ ಅಂಟಿಸಿದ್ದಳು, ಊರು, ದಿನ, ಹೆಸರು ಎಲ್ಲ ದುಂಡಗೆ ಬರೆದಿದ್ದಳು. ಸಮಯ ಬರೆದಿರಲಿಲ್ಲ. ಚೆಲ್ಲಿ ಮತ್ತೆ ತುಂಬು ಅಂದೆ.

"ಅಣ್ಣಾ, ಕರೆಂಟ್ ಹೋಗ್ಯದ. ರಾತ್ರಿ ಬಂದ ಮ್ಯಾಲ ತುಂಬ್ತೀನಿ" ಅಂದಳು.

"ಆಯ್ತು, ರಾತ್ರಿದೇ ಟೈಮ್ ಹಾಕು."